ಸುತ್ತುವ ಚಕ್ರದ ಪಾಠ

ಮಸಿನಗುಡಿಯಲ್ಲಿ ಪಾಠ ಹೇಳುವ ನನಗೂ ಒಮ್ಮೆ ಹೈಟೆಕ್ ಮೇಷ್ಟ್ರಾಗುವ ಹುಕಿ ಬಂತು. ಬೇಕಾದ ತಂತ್ರಾಂಶವೆಲ್ಲ ಪುಕ್ಕಟೆ ತಾನೆ! ಗೂಗಲ್ ಅರ್ತ್ ಬಂದದ್ದು 2005ರಲ್ಲಿ. ನಮ್ಮ ಊಟಿ ರೈಲಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದೂ ಅದೇ ವರ್ಷ. ಎರಡರಲ್ಲಿ ಯಾವುದು ನಿಧಾನ ಎಂದು ನಮ್ಮೂರ ಮೊಬೈಲ್ ಸಿಗ್ನಲ್ಲನ್ನೇ ಕೇಳಬೇಕು.

2637 ಮೀಟರಿನ ದೊಡ್ಡಬೆಟ್ಟವನ್ನು ಗೂಗಲ್ ಅರ್ತ್‌ನಲ್ಲಿ ಆಕಾಶದಿಂದ ತೋರಿಸುತ್ತೇನೆಂದು ಪ್ರೊಜೆಕ್ಟರ್ ಹಾಕಿದೆ. ಗೋಡೆಯ ಮೇಲೆ ಪುಟ್ಟ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಹಿಂದಿನ ಬೆಂಚಿನವರು ಸುತ್ತು ಎಣಿಸತೊಡಗಿದರು. ಗಣಿತವಾದರೂ ಆಯಿತು ಅನ್ನಿ. ಕೊನೆಗೂ ಬೆಟ್ಟ ಮೂಡಿತು.

"ಸಾರ್, ನಮ್ಮನೆ ತೋರ್ಸಿ!"

ದೊಡ್ಡಬೆಟ್ಟ ಯಾರಿಗೆ ಬೇಕು? ಹುಡುಕಿ ಹುಡುಕಿ ತಗಡಿನ ಸೂರೊಂದನ್ನು ತೋರಿಸಿದೆ.

"ಅದು ದನದ ಕೊಟ್ಟಿಗೆ ಸಾರ್."

ಮರುದಿನ ಜಾಣನಾದೆ. ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಎಂಬ ಕಂಪ್ಯೂಟರ್ ಪ್ರಯೋಗಗಳನ್ನು ಮೊದಲೇ ಇಳಿಸಿಕೊಂಡು ಬಂದೆ. ಆಮೇಲೆ ಅವಕ್ಕೆ ಸಿಗ್ನಲ್ಲಿನ ಹಂಗಿಲ್ಲ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು ಜೋಡಿಸಿ, "ನೋಡಿ, ಈಗ ವಿದ್ಯುತ್ ಹರಿಯುತ್ತೆ" ಎಂದೆ. ಕರೆಂಟು ಹೋಯಿತು.

ಅಷ್ಟರಲ್ಲಿ ಬೇಲಿಯಾಚೆ ಕಾಡಾನೆ! ಚಿತ್ರ, ಸದ್ದು, ಜೊತೆಗೆ ವಾಸನೆ ಬೇರೆ. ಒಂದು ಕ್ಷಣವೂ ಬಫರ್ ಆಗಲಿಲ್ಲ. ಇಡೀ ತರಗತಿ ಕಿಟಕಿಗೆ ಅಂಟಿಕೊಂಡಿತು. ಲ್ಯಾಪ್‌ಟಾಪ್ ಮುಚ್ಚಿ, "ಸ್ವಲ್ಪ ಸರೀರೋ, ನಂಗೂ ಕಾಣ್ಲಿ" ಎಂದೆ.