ಮುಂಗಡ ತಗೊಂಡ ದ್ರೌಪದಿ ಬರಲಿಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕುರುಕ್ಷೇತ್ರ ಯುದ್ಧ ಇನ್ನೂ ಮುಗಿದಿಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಯಾವುದಾದರೊಂದು ಊರಿನಲ್ಲಿ ದುರ್ಯೋಧನ ತೊಡೆ ಮುರಿಸಿಕೊಂಡು ಬೀಳುತ್ತಾನೆ. ಬೆಳಕು ಹರಿದ ಮೇಲೆ ಎದ್ದು ಬಣ್ಣ ತೊಳೆದು ಡೇರಿಗೆ ಹಾಲು ಹಾಕಲು ಹೋಗುತ್ತಾನೆ. ಪಾತ್ರ ಬೇಕೆಂದವನು ದುಡ್ಡು ಹಾಕಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ಹಾಗಾಗಿ ದುರ್ಯೋಧನ ಸಾಮಾನ್ಯವಾಗಿ ಟ್ರ್ಯಾಕ್ಟರ್ ಇಟ್ಟವನು. ವಿದುರ ಒಂದೆಕರೆ ಖುಷ್ಕಿಯವನು. ಗಂಡು ಪಾತ್ರಕ್ಕೆ ಊರೊಳಗೇ ಪೈಪೋಟಿ. ದ್ರೌಪದಿ, ಕುಂತಿ, ಉತ್ತರೆ ಮಾತ್ರ ಹೊರಗಿನಿಂದ ಬರಬೇಕು. ಅವರಿಗೆ ತಾಂಬೂಲದ ಜೊತೆ ಮುಂಗಡ ಕೊಟ್ಟು, "ಕೈ ಬಿಡಬೇಡಿ ಕಣಮ್ಮ" ಎಂದು ಡ್ರಾಮಾ ಮೇಷ್ಟ್ರ ಕೈಲಿ ಎರಡು ಸಲ ಫೋನು ಮಾಡಿಸಬೇಕು.

ಈಗ ಊಹಿಸಿಕೊಳ್ಳಿ. ಸೀನರಿ ಕಟ್ಟಿದೆ, ಮೈಕ್ ಸೆಟ್ ಕೂಗುತ್ತಿದೆ, ದುರ್ಯೋಧನನ ಮಾವನ ಮನೆಯವರು ಮುಂದಿನ ಸಾಲಿನಲ್ಲಿ ಚಾಪೆ ಹಾಸಿದ್ದಾರೆ. ರಾತ್ರಿ ಒಂಬತ್ತಾಯಿತು, ದ್ರೌಪದಿಯ ಫೋನು ಸ್ವಿಚ್ ಆಫ್. ಹತ್ತೂವರೆಗೆ ಸುದ್ದಿ ಬರುತ್ತದೆ: ಆಯಮ್ಮ ಗೌರಿಬಿದನೂರಿನ ಕಡೆ ಇನ್ನೊಂದು ಸ್ಟೇಜಿನಲ್ಲಿ ಎರಡು ಸಾವಿರ ಹೆಚ್ಚಿಗೆ ತಗೊಂಡು ಅಲ್ಲಿನ ದುಶ್ಯಾಸನನಿಗೆ ಸೀರೆ ಕೊಡಲು ಸಿದ್ಧರಾಗಿದ್ದಾರೆ.

"ಕೇಸ್ ಹಾಕ್ರೋ! ಪೊಲೀಸ್ನೋರ ಕೈಲಿ ಎಳ್ಕೊಂಡ್ ಬರ್ಸಿ!" ಎಂದು ಭೀಮ ಗದೆ ಎತ್ತುತ್ತಾನೆ.

ಇಲ್ಲಿಂದ ಕಾನೂನಿನ ಪ್ರವೇಶ, ಮತ್ತು ಪ್ರವೇಶದಲ್ಲೇ ಭೀಮನಿಗೆ ಬೇಜಾರು. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಬೇರೆ ಮಾತು. ಬರೀ ಕರಾರು ಮುರಿದರೆ ಅದು ಪೊಲೀಸರ ಕೆಲಸವಲ್ಲ, ಸಿವಿಲ್ ವ್ಯಾಜ್ಯ. ಹೋಗಲಿ, ಸಿವಿಲ್ ಕೋರ್ಟಾದರೂ "ನಡಿ, ಬಣ್ಣ ಹಚ್ಚು" ಎಂದು ಆಜ್ಞೆ ಮಾಡುತ್ತದೆಯೇ? ಅದೂ ಇಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಹೇಳುವುದಿಷ್ಟು: ಒಬ್ಬರ ಸ್ವಂತ ವಿದ್ಯೆಯ ಮೇಲೆ ನಿಂತ ಕರಾರನ್ನು ಬಲವಂತವಾಗಿ ಮಾಡಿಸುವಂತಿಲ್ಲ. ನನಗಂತೂ ಇದು ಸರಿಯೇ ಅನಿಸುತ್ತದೆ. ಕೋರ್ಟಿನ ಅಮೀನ ಕೈಹಿಡಿದು ಸ್ಟೇಜು ಹತ್ತಿಸಿದ ದ್ರೌಪದಿ ಹಾಡುವ ಕಂದವನ್ನು ಕೇಳುವ ಶಿಕ್ಷೆ ಊರಿಗೇಕೆ?

ಈ ಜಗಳ ನಮ್ಮೂರಿನದಷ್ಟೇ ಅಲ್ಲ. 1852ರಲ್ಲಿ ಲಂಡನ್ನಿನಲ್ಲಿ ಜೊಹಾನ್ನಾ ವಾಗ್ನರ್ ಎಂಬ ಗಾಯಕಿ ಲಮ್ಲಿ ಎಂಬುವನ ನಾಟಕಶಾಲೆಗೆ ಮಾತು ಕೊಟ್ಟು, ಹೆಚ್ಚು ದುಡ್ಡಿನಾಸೆಗೆ ಇನ್ನೊಬ್ಬನ ಕಡೆ ಹೊರಟರು. ಕೋರ್ಟು ಹೇಳಿದ್ದು ಮಜವಾಗಿದೆ: ಇಲ್ಲಿ ಹಾಡು ಎಂದು ನಾವು ಹೇಳಲಾರೆವು, ಆದರೆ ಅಲ್ಲಿ ಹಾಡಬೇಡ ಎಂದು ತಡೆಯಬಲ್ಲೆವು. ಬೇರೆಲ್ಲೂ ಹಾಡುವುದಿಲ್ಲವೆಂಬ ಮಾತು ಅವರ ಕರಾರಿನಲ್ಲಿತ್ತು, ಅದಕ್ಕೇ ಆ ತಡೆಯಾಜ್ಞೆ. ನಮ್ಮ ಕಾಯ್ದೆಯಲ್ಲೂ ಆ ದಾರಿ ಇದೆ. ಆದರೆ ರಾತ್ರಿ ಹತ್ತೂವರೆಗೆ ಮಧುಗಿರಿ ಕೋರ್ಟಿನ ಬಾಗಿಲು ಬಡಿದು ತಡೆಯಾಜ್ಞೆ ತರುವ ಹೊತ್ತಿಗೆ ಅಲ್ಲಿ ಭೀಷ್ಮ ಶರಶಯ್ಯೆ ಹತ್ತಿ ಮಂಗಳಾರತಿಯೂ ಆಗಿರುತ್ತದೆ.

1872ರ ಭಾರತೀಯ ಕರಾರು ಕಾಯ್ದೆ ಬರೆದವರಿಗೂ ನಾಟಕದ ಕಾಟ ಗೊತ್ತಿತ್ತೇನೋ. 39ನೇ ಕಲಮಿನ ಕೆಳಗೆ ಅವರು ಕೊಟ್ಟ ಉದಾಹರಣೆಯೇ ಇದು. ಒಬ್ಬ ಗಾಯಕಿ ವಾರಕ್ಕೆ ಎರಡು ರಾತ್ರಿಯಂತೆ ಎರಡು ತಿಂಗಳು, ರಾತ್ರಿಗೆ 100 ರೂಪಾಯಿಗೆ ಹಾಡಲು ಒಪ್ಪಿ, ಆರನೇ ರಾತ್ರಿ ಬೇಕೆಂದೇ ತಪ್ಪಿಸಿಕೊಳ್ಳುತ್ತಾಳೆ. ಮ್ಯಾನೇಜರು ಕರಾರನ್ನು ಅಲ್ಲಿಗೇ ಮುಗಿಸಬಹುದು. ಆದರೆ ಏಳನೇ ರಾತ್ರಿ ಆಕೆ ಬಂದಾಗ ಹಲ್ಲು ಕಿರಿದು ಹಾಡಲು ಬಿಟ್ಟನೋ, ಮುಗಿಸುವ ಹಕ್ಕು ಹೋಯಿತು. ಆರನೇ ರಾತ್ರಿಯ ನಷ್ಟ ಕೇಳುವ ಹಕ್ಕು ಮಾತ್ರ ಉಳಿಯಿತು. 1872ರಲ್ಲಿ ರಾತ್ರಿಗೆ ನೂರು ರೂಪಾಯಿ! ಆ ಗಾಯಕಿ ಯಾರಿರಬಹುದೆಂದು ನನಗೆ ಇವತ್ತಿಗೂ ಕುತೂಹಲ.

ಸರಿ, ನಷ್ಟವನ್ನೇ ಕೇಳೋಣ. 73ನೇ ಕಲಂ ತೆರೆದು ಕೂತರೆ ಸೀನರಿ ಬಾಡಿಗೆ, ಮೈಕಿನ ಬಾಡಿಗೆ, ಕೊಟ್ಟ ಮುಂಗಡ, ಕೊನೇ ಗಳಿಗೆಯಲ್ಲಿ ಇನ್ನೊಬ್ಬ ದ್ರೌಪದಿಯನ್ನು ಕರೆತರಲು ಸುರಿದ ಹೆಚ್ಚುವರಿ ದುಡ್ಡು, ಇವೆಲ್ಲ ರಸೀತಿ ಇದ್ದರೆ ಲೆಕ್ಕಕ್ಕೆ ಬರುತ್ತವೆ. ಮಾವನ ಮನೆಯವರ ಎದುರು ದುರ್ಯೋಧನನಿಗಾದ ಅವಮಾನ? ಸೊನ್ನೆ. ಆಟ ಚೆನ್ನಾಗಿದ್ದರೆ ಮಾವ ಖುಷಿಯಾಗಿ ಶಿರಾದಲ್ಲೊಂದು ಸೈಟು ಕೊಡುತ್ತಿದ್ದನೇ? ಅದೂ ಸೊನ್ನೆ. ದೂರದ, ಸುತ್ತುಬಳಸಿ ಬಂದ ನಷ್ಟಕ್ಕೆ ಪರಿಹಾರವಿಲ್ಲವೆಂದು ಅದೇ ಕಲಮಿನಲ್ಲಿದೆ.

ನಮ್ಮ ಜನಕ್ಕೆ ತಡೆಯಲಾಗದ್ದು ಇದೇ. ಮಾತು ತಪ್ಪಿದವನಿಗೆ ಶಿಕ್ಷೆಯಾಗಬೇಕು, ಅವನು ದಂಡಿನ ಮಾರಮ್ಮನ ಗುಡಿ ಮುಂದೆ ಅಡ್ಡಬಿದ್ದು ತಪ್ಪಾಯಿತೆನ್ನಬೇಕು ಎಂದು ಇವರ ಆಸೆ. ಕರಾರು ಕಾಯ್ದೆಗೆ ಆ ಉಸಾಬರಿಯೇ ಇಲ್ಲ. ಅದು ಸೇರು ಹಿಡಿದು ಕೂತ ಅಂಗಡಿ ಶೆಟ್ಟರ ಹಾಗೆ: ಎಷ್ಟು ಕಮ್ಮಿಯಾಯಿತೋ ಅಷ್ಟು ಅಳೆದು ಹಾಕುತ್ತದೆ, ತಲೆ ಎತ್ತಿ ನಿಮ್ಮ ಮುಖ ನೋಡುವುದಿಲ್ಲ.

ಹುಣಸೆಯನ್ನೇ ತೆಗೆದುಕೊಳ್ಳಿ. ಕಾಯಿ ಇನ್ನೂ ಹಸಿರಿರುವಾಗಲೇ ವ್ಯಾಪಾರಿ ಬಂದು ಮರ ಸುತ್ತಿ, ಕತ್ತೆತ್ತಿ ನೋಡಿ, ಮುಂಗಡ ಇಟ್ಟು ಹೋಗುವುದು ನಮ್ಮ ಕಡೆ ಹೊಸದಲ್ಲ. ಲೆಕ್ಕಕ್ಕೆ ಹೀಗೆನ್ನಿ: ಹಣ್ಣು ಬಡಿದ ಮೇಲೆ ಹತ್ತು ಕ್ವಿಂಟಾಲ್ ಕೊಡುತ್ತೇನೆ, ಕ್ವಿಂಟಾಲಿಗೆ ಹನ್ನೆರಡು ಸಾವಿರ ಎಂದು ಯಜಮಾನ ಒಪ್ಪಿದ. ಬಡಿಯುವ ಹೊತ್ತಿಗೆ ಮಾರ್ಕೆಟ್ಟು ಹದಿನೈದಕ್ಕೆ ಏರಿತು. ಯಜಮಾನನ ನೆನಪಿನ ಶಕ್ತಿ ಇದ್ದಕ್ಕಿದ್ದಂತೆ ಕುಂದಿತು. ಆಗ ವ್ಯಾಪಾರಿಗೆ ಸಿಗುವುದು ಕೊಡಬೇಕಿದ್ದ ದಿನದ ಧಾರಣೆಗೂ ಒಪ್ಪಿದ ಧಾರಣೆಗೂ ನಡುವಿನ ವ್ಯತ್ಯಾಸ, ಮೂವತ್ತು ಸಾವಿರ. ಕಾಯ್ದೆಯಲ್ಲಿ ಇದೇ ಲೆಕ್ಕವನ್ನು 50 ಮಣ ಪೆಟ್ಲುಪ್ಪಿಗೆ ಹಾಕಿ ತೋರಿಸಿದ್ದಾರೆ. ಹುಣಸೆಗೂ ಅದೇ ತಕ್ಕಡಿ. ಧಾರಣೆ ಏರುವ ಬದಲು ಹತ್ತು ಸಾವಿರಕ್ಕೆ ಇಳಿದಿದ್ದರೆ? ಯಜಮಾನ ಕೈಕೊಟ್ಟರೂ ವ್ಯಾಪಾರಿಗೆ ನಷ್ಟವೇ ಇಲ್ಲ. ಮುಂಗಡ ವಾಪಸು ತಗೊಂಡು, ಮಾರ್ಕೆಟ್ಟಿನಲ್ಲಿ ಅಗ್ಗದ ಹಣ್ಣು ಕೊಂಡು, ಮನಸ್ಸಿನಲ್ಲೇ ಯಜಮಾನನಿಗೆ ನಮಸ್ಕಾರ ಹಾಕಬಹುದು.

ಮೋಸ ಹೋದೆನೆಂದು ಮರದ ಕೆಳಗೆ ಮೂರು ತಿಂಗಳು ಕೂತು, ಧಾರಣೆ ಇಪ್ಪತ್ತಕ್ಕೆ ಹೋದ ಮೇಲೆ "ಈಗ ಕೊಡು ನಷ್ಟ" ಎಂದರೆ ನಡೆಯುವುದಿಲ್ಲ. ನಷ್ಟ ತಗ್ಗಿಸಿಕೊಳ್ಳಲು ನೀನೇನು ಮಾಡಿದೆ ಎಂದು ಕಾಯ್ದೆ ತಿರುಗಿ ಕೇಳುತ್ತದೆ. ಮರ ಕಾಯಿ ಬಿಡದಿದ್ದರೆ? ಈ ಮರಗಳ ಫಸಲು ಎಂದೇ ಮಾತಾಗಿದ್ದರೆ ಯಜಮಾನ ಬಚಾವು. 1876ರಲ್ಲಿ ಇಂಗ್ಲೆಂಡಿನ ಆಲೂಗಡ್ಡೆ ರೈತನೊಬ್ಬ ಇಂಥದ್ದೇ ಕೇಸಿನಲ್ಲಿ ಪಾರಾದ. ರೋಗ ಬಂದು ಹೊಲದ ಬೆಳೆ ಹಾಳಾಗಿತ್ತು. "ಹತ್ತು ಕ್ವಿಂಟಾಲ್ ಹುಣಸೆ" ಎಂದಷ್ಟೇ ಒಪ್ಪಿದ್ದರೆ ಮಾತ್ರ ಎಲ್ಲಿಂದಾದರೂ ತಂದುಕೊಡಬೇಕು, ಮಳೆರಾಯನನ್ನು ಸಾಕ್ಷಿಗೆ ಕರೆದು ಪ್ರಯೋಜನವಿಲ್ಲ.

ಪಾವಗಡದ ಕಡ್ಲೆಕಾಯಿ ಮಿಲ್ಲಿನವರು 1854ರ ಇನ್ನೊಂದು ಇಂಗ್ಲಿಷ್ ಕೇಸನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಗ್ಲಾಸ್ಟರ್ ಊರಿನ ಹಿಟ್ಟಿನ ಗಿರಣಿಯ ಶಾಫ್ಟು ಮುರಿಯಿತು. ಮಾದರಿಗೆಂದು ಅದನ್ನು ಸಾಗಿಸಬೇಕಿದ್ದ ಸಾಗಾಣಿಕೆಯವರು ತಡಮಾಡಿದರು. ಗಿರಣಿ ನಿಂತೇ ಇತ್ತು. ನಿಂತ ದಿನಗಳ ಲಾಭ ಕೊಡಿ ಎಂದರೆ ಸಿಗಲಿಲ್ಲ. ಬೇರೆ ಶಾಫ್ಟಿಲ್ಲದೆ ಗಿರಣಿಯೇ ನಿಂತುಹೋಗುತ್ತದೆಂಬುದು ಸಾಗಿಸುವವನಿಗೆ ಗೊತ್ತಿದ್ದಂತೆ ಕೋರ್ಟಿಗೆ ಕಾಣಲಿಲ್ಲ. ಆದ್ದರಿಂದ ಮೋಟಾರು ರಿಪೇರಿಗೆ ಕೊಡುವಾಗಲೇ "ಇದಿಲ್ಲದೆ ಮಿಲ್ಲು ನಿಂತಿದೆ ಕಣಣ್ಣ" ಎಂದು ಒಂದು ಮೆಸೇಜು ಹಾಕಿಡಿ. ಆಮೇಲೆ ಬಾಯಿ ಬಡಿದುಕೊಳ್ಳುವುದಕ್ಕಿಂತ ಅದು ಅಗ್ಗ.

ಮನೆ ಅರ್ಧ ಕಟ್ಟಿ ನಾಪತ್ತೆಯಾಗುವ ಮೇಸ್ತ್ರಿಗೆ ಮದ್ದು ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯಲ್ಲಿದೆ: ಕನಿಷ್ಠ 30 ದಿನದ ಲಿಖಿತ ನೋಟೀಸು ಕೊಟ್ಟು, ಆಮೇಲೂ ಬರದಿದ್ದರೆ ಬೇರೆಯವರಿಂದ ಕೆಲಸ ಮಾಡಿಸಿ ಖರ್ಚನ್ನು ಮೊದಲಿನವನಿಂದ ವಸೂಲು ಮಾಡಬಹುದು. ಮದುವೆಯ ವಿಡಿಯೋ ಹಾಳು ಮಾಡಿದವನ ಮೇಲೆ, ಛತ್ರದ ಮುಂಗಡ ನುಂಗಿದವನ ಮೇಲೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ಮನಸ್ಸಿನ ನೋವಿಗೂ ಒಂದಿಷ್ಟು ಬೆಲೆ ಕಟ್ಟುವ ಜಾಗ ಅದು. ದುರ್ಯೋಧನ ಇದನ್ನು ಗಮನಿಸಬೇಕು.

ಇನ್ನು ಜಮೀನು. ಶಿರಾ ಹೈವೇ ಪಕ್ಕದ ಜಮೀನಿನ ಕ್ರಯದ ಕರಾರು ಎಂದರೆ ಒಂದು ಮಹಾಕಾವ್ಯ. "ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ" ಎಂದು ಪತ್ರ ಬರಹಗಾರರು ಓದುತ್ತಾ ಹೋಗುತ್ತಾರೆ, ಮಾರುವವನು ಹೂಂಗುಟ್ಟುತ್ತಾನೆ. ಮುಂದೆ ಕ್ರಯಪತ್ರವಾಗುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಲ್ಲವೂ ಸೇರಿಯೇ ಮಾರಾಟ. ಪಾಷಾಣ ಬೇಕಾದಷ್ಟಿದೆ, ಜಲ ಮಾತ್ರ ಕಾಗದದಲ್ಲಿ. ಕರಾರಿನ ಕೊನೆಯಲ್ಲಿ, ತಪ್ಪಿದವರು ಮುಂಗಡದ ದುಪ್ಪಟ್ಟು ಕೊಡತಕ್ಕದ್ದು. ಆರು ತಿಂಗಳಲ್ಲಿ ಬೆಲೆ ಮೂರು ಪಟ್ಟಾದ ಮೇಲೆ ಮಾರುವವನು ಮೀಸೆ ತಿರುವುತ್ತಾನೆ: "ದುಪ್ಪಟ್ಟು ಬಿಸಾಕ್ತೀನಿ, ಹೋಗಲೋ."

ಅಣ್ಣ, ಅಷ್ಟು ಸುಲಭವಿಲ್ಲ. ದುಪ್ಪಟ್ಟಿನ ಮಾತು ಕರಾರು ಪಾಲನೆಯಾಗಲೆಂಬ ಭದ್ರತೆಗಷ್ಟೇ ಬರೆದದ್ದಾದರೆ, ಅದಿದ್ದರೂ ಜಮೀನನ್ನೇ ಕೊಡಿಸುವ ಅಧಿಕಾರ ಕೋರ್ಟಿಗಿದೆ. 2018ರ ತಿದ್ದುಪಡಿಗೆ ಮುಂಚೆ ಕೊಡಿಸುವುದು ಬಿಡುವುದು ನ್ಯಾಯಾಧೀಶರ ವಿವೇಚನೆಯಾಗಿತ್ತು. ಈಗ ಕಾಯ್ದೆ ಹೇಳಿದ ಅಡ್ಡಿಗಳಿಲ್ಲದಿದ್ದರೆ ಕೊಡಿಸಲೇಬೇಕು. ಕೊಳ್ಳುವವನೂ ಹಿಗ್ಗಬಾರದು. ದುಡ್ಡೇ ಕೇಳಿದರೆ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ದುಪ್ಪಟ್ಟು ಮೇಲಿನ ಮಿತಿ ಮಾತ್ರ, ಸಿಗುವುದು ನ್ಯಾಯವಾದಷ್ಟು. ಜಮೀನೇ ಬೇಕೆಂದರೆ ಬಾಕಿ ಹಣ ಹೊಂದಿಸಿಕೊಂಡು ತಾನು ಮೊದಲಿನಿಂದ ಕೊನೆಯವರೆಗೂ ತಯಾರಿದ್ದೆನೆಂದು ರುಜುವಾತು ಮಾಡಬೇಕು. ಜೇಬು ಖಾಲಿಯಿಟ್ಟುಕೊಂಡು ಬೆಲೆ ಏರಲೆಂದು ಕಾದು ಕೂತವನನ್ನು ಕಂಡರೆ ಕೋರ್ಟಿಗೂ ಆಗುವುದಿಲ್ಲ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆಸಿಕೊಂಡಿದ್ದೇನೆ, ಜಮೀನು ನಂದೇ ಎನ್ನುವವರಿಗೆ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ: ಅದರಿಂದ ಒಡೆತನ ಬರುವುದಿಲ್ಲ.

ಜಲದ ಮಾತು ಬಂತು. ಬೋರ್‌ವೆಲ್ ಲಾರಿಯವನು ಅಡಿಗಿಷ್ಟು ಎಂದು ಒಪ್ಪಿರುವುದು ಕೊರೆಯುವುದಕ್ಕೆ, ನೀರಿಗಲ್ಲ. ಸಾವಿರ ಅಡಿ ಕೊರೆದು ಬರೀ ಧೂಳು ಬಂದರೂ ಅವನು ಕರಾರು ಪಾಲಿಸಿದ್ದಾನೆ, ದುಡ್ಡು ಎಣಿಸಿ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಪಾಯಿಂಟು ತೋರಿಸಿದವನನ್ನು ಕೇಳಿದರೆ, ನೀರಿತ್ತು, ನೀವು ಕೊರೆಸುವುದು ತಡವಾಯಿತು ಎನ್ನುತ್ತಾನೆ. ಮಧುಗಿರಿ, ಪಾವಗಡ, ಚನ್ನರಾಯನದುರ್ಗದಂಥ ಕೋಟೆಗಳ ಸೀಮೆಯಲ್ಲಿ ನಿಧಿ ತೆಗೆಸುತ್ತೇನೆಂದು ಮುಂಗಡ ಹೊಡೆಯುವ ಮಾಂತ್ರಿಕರಿಗೂ ಬರವಿಲ್ಲ. ಅವರ ಮೇಲೆ ಕರಾರು ಭಂಗದ ದಾವೆ ಹೂಡುವ ಆಸೆಯಿದ್ದರೆ ಕರಾರು ಕಾಯ್ದೆಯ 56ನೇ ಕಲಮಿನ ಮೊದಲ ಉದಾಹರಣೆ ನೋಡಿ: ಮಂತ್ರದಿಂದ ನಿಧಿ ಹುಡುಕುವ ಒಪ್ಪಂದ ಅನೂರ್ಜಿತ. ಹೆಚ್ಚು ಕೂಗಾಡಿದರೆ 2017ರ ಮಾಟಮಂತ್ರ ನಿಷೇಧ ಕಾಯ್ದೆಯಲ್ಲಿ ಇಬ್ಬರಿಗೂ ತಲೆನೋವು. ಅದೇ ಕಲಮಿನ ಎರಡನೇ ಉದಾಹರಣೆ, ಮದುವೆಯ ಮಾತಾಗಿ ಮುಹೂರ್ತಕ್ಕೆ ಮುಂಚೆ ಒಬ್ಬರಿಗೆ ಹುಚ್ಚು ಹಿಡಿದರೆ ಕರಾರು ರದ್ದು. ಮುಹೂರ್ತವಾದ ಮೇಲೆ ಹಿಡಿಯುವ ಹುಚ್ಚಿನ ಬಗ್ಗೆ ಕರಾರು ಕಾಯ್ದೆ ಬಾಯಿ ಬಿಡುವುದಿಲ್ಲ.

ಮಳೆ ಮಾತು ತಪ್ಪುವ ಈ ಸೀಮೆಯಲ್ಲಿ ತಪ್ಪದವನು ಸೂರ್ಯನೊಬ್ಬ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದದ್ದು ಭೂಸ್ವಾಧೀನದಿಂದಲ್ಲ, ರೈತರ ಜೊತೆ ಗುತ್ತಿಗೆ ಕರಾರಿನಿಂದ: ಆರಂಭಕ್ಕೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಆ ಕಾಗದಗಳನ್ನು ಟ್ರಂಕಿನಲ್ಲಿಟ್ಟ ಯಜಮಾನರೆಲ್ಲ ಏರಿಕೆಯ ಸಾಲನ್ನು ಮೊಮ್ಮಕ್ಕಳ ಕೈಲಿ ಓದಿಸಿ ಕೇಳುವುದು ಒಳ್ಳೆಯದು.

ಇಷ್ಟಾದರೂ ಪಾವಗಡದ ಶನಿಮಹಾತ್ಮನ ಮುಂದೆ ಎಳ್ಳುದೀಪ ಹಚ್ಚಿ, "ಅವನಿಗೆ ನೀನೇ ನೋಡ್ಕೊ ಸ್ವಾಮಿ" ಎಂದು ಬರುವವರೇ ನಮ್ಮಲ್ಲಿ ಜಾಸ್ತಿ. ಹಚ್ಚಿ, ಬೇಡವೆನ್ನುವುದಿಲ್ಲ. ಆದರೆ ಶನಿಯ ಸಾಡೇಸಾತಿ ಏಳೂವರೆ ವರ್ಷ. ದಾವೆ ಹೂಡಲು ಲಿಮಿಟೇಶನ್ ಕಾಯ್ದೆಗಿರುವ ತಾಳ್ಮೆ ಮೂರೇ ವರ್ಷ. ಜಮೀನಿನ ಕರಾರಿನಲ್ಲಿ ತಾರೀಖು ಗೊತ್ತುಮಾಡಿದ್ದರೆ ಆ ತಾರೀಖಿನಿಂದ, ಇಲ್ಲದಿದ್ದರೆ ಕೊಡುವುದಿಲ್ಲ ಎಂದದ್ದು ನಿಮಗೆ ತಿಳಿದ ದಿನದಿಂದ. ಉಳಿದ ಕರಾರಿಗೆ ಮುರಿದ ದಿನದಿಂದ. "ಮುಂದಿನ ಯುಗಾದಿಗೆ ಮಾಡ್ಕೊಡ್ತೀನಿ ಬಿಡಣ್ಣ" ಎನ್ನುವವನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಮೂರು ಯುಗಾದಿ ಕಳೆಯುವುದನ್ನೇ ಅವನು ಕಾಯುತ್ತಿರುವುದು.

ಆದ್ದರಿಂದ ಇವತ್ತೇ ಟ್ರಂಕು ತೆಗೆದು ನಿಮ್ಮ ಕಾಗದದ ತಾರೀಖು ನೋಡಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ; ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ದಾವೆ ಹಾಕಿದ ಮೇಲೂ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀಸು ವಾಪಸು ಬರುತ್ತದೆ.