ಹೆಬ್ಬೆರಳಿನ ಮೂರು ಪಂಥಗಳು

ಹೆಬ್ಬೆರಳು ಚೀಪುವುದು ಪ್ರತಿವರ್ತನೆಯಿಂದ, ಅಂದರೆ ಯಾರೂ ಕಲಿಸದೆಯೇ ಒದಗುವ ಚಲನೆಯಿಂದ, ಗರ್ಭದಲ್ಲಿಯೇ ಆರಂಭವಾಗುವುದರಿಂದಲೂ, ಆಲದೆಲೆಯ ಮೇಲೆ ಮಲಗಿ ಕಾಲ್ಬೆರಳನ್ನೇ ಚೀಪುವ ಬಾಲಕೃಷ್ಣನ ಪಟಕ್ಕೆ ಮನೆಮಂದಿಯೆಲ್ಲ ಕೈಮುಗಿಯುವುದರಿಂದಲೂ, ಪಟದ ಕೆಳಗೆ ಕುಳಿತ ಕೂಸನ್ನು ಮಾತ್ರ ಗದರಿಸುವುದು ನ್ಯಾಯವೆನಿಸದು. ಆದರೂ ಕೊಲ್ಹಾಪುರ ಜಿಲ್ಲೆಯ ಕನ್ನಡ ಮನೆಗಳಲ್ಲಿ ಈ ಕುರಿತು ಮೂರು ಪಂಥಗಳನ್ನು ಕಲ್ಪಿಸಿಕೊಳ್ಳಬಹುದು. ಸಂಕೇಶ್ವರಿ ಮೆಣಸಿನಕಾಯಿಯ ಪೇಟೆಯಾದ ಗಡಹಿಂಗ್ಲಜದ ಖಾರಪಂಥವು ಬೆರಳಿಗೆ ಖಾರ ಸವರಬೇಕೆನ್ನುತ್ತದೆ. ಆದರೆ ಅದೇ ಬೆರಳು ಕಣ್ಣಿಗೂ ಹೋಗುವುದರಿಂದ ಚೀಪುವುದು ನಿಲ್ಲುವ ಮೊದಲೇ ರೋದನ ಆರಂಭವಾಗುತ್ತದೆ. ಬೆಲ್ಲಕ್ಕೆ ಹೆಸರಾದ ಕೊಲ್ಹಾಪುರದ ಬೆಲ್ಲಪಂಥವು ಬೆರಳು ತೆಗೆದ ಕೂಸಿಗೆ ಬೆಲ್ಲದ ಚೂರನ್ನು ಬಹುಮಾನವಾಗಿ ಕೊಡುತ್ತದೆ. ಕೂಸು ಅದನ್ನು ತಿಂದು ಮುಗಿಸಿ, ಅಂಟಂಟಾದ ಬೆರಳನ್ನು ಇಮ್ಮಡಿ ಶ್ರದ್ಧೆಯಿಂದ ಚೀಪುತ್ತದೆ. ವಿದ್ಯುತ್ ಮಗ್ಗಗಳ ಊರಾದ ಇಚಲಕರಂಜಿಯ ಕಾಯಕಪಂಥವು ಕೈಗಳಿಗೆ ಬಟ್ಟೆಯ ಗೊಂಬೆ ಕೊಟ್ಟು ಬಿಡುವಿಲ್ಲದಂತೆ ಮಾಡುತ್ತದೆ. ವೈದ್ಯರ ಸಲಹೆಗೆ ಇದೇ ಹೆಚ್ಚು ಹತ್ತಿರ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷಗಳ ನಡುವೆ ತಾವಾಗಿಯೇ ಈ ರೂಢಿ ಬಿಡುತ್ತಾರೆ. 6ರ ಸುಮಾರಿಗೆ ಶಾಶ್ವತ ಹಲ್ಲುಗಳು ಮೂಡುವಾಗಲೂ ಅದು ಮುಂದುವರಿದರೆ ಮೇಲ್ಹಲ್ಲುಗಳು ಮುಂದಕ್ಕೆ ಚಾಚಬಹುದಾದ್ದರಿಂದ ದಂತವೈದ್ಯರನ್ನು ಕಾಣುವುದು ಲೇಸು. ಅಲ್ಲಿಯವರೆಗೆ, ಬೆರಳು ಬಾಯಿಯಿಂದ ಹೊರಗಿರುವ ಹೊತ್ತಿನಲ್ಲಿ ಹೊಗಳುವುದೇ ಮದ್ದು. ಹೊಗಳುವ ಹಿರಿಯರು ಆ ಹೊತ್ತಿಗಾದರೂ ತಮ್ಮ ಉಗುರು ಕಚ್ಚುವುದನ್ನು ನಿಲ್ಲಿಸಿರಬೇಕೆಂಬುದಷ್ಟೇ ನಿಯಮ.