ಕೊಟ್ಟೂರು, ಮುಟ್ಟೂರು

ಕೊಟ್ಟೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಬೆರಳಿಗಂಟಿದ ಎಣ್ಣೆಯನ್ನು ಹಳೇ ಪೇಪರಿಗೆ ಒರೆಸಿಕೊಳ್ಳುವಷ್ಟರಲ್ಲಿ ನನ್ನ ನಲವತ್ತು ರೂಪಾಯಿ ಕಾಣೆಯಾಯಿತು. ಜೇಬುಗಳ್ಳರ ಕೈವಾಡವಲ್ಲ. ಫೋನಿನಿಂದ ಹೋಗಿತ್ತು, ಅಂಗಡಿಗೆ ಬಂದಿರಲಿಲ್ಲ. ಬ್ಯಾಂಕಿನವರು ಆ ಕ್ಷಣವೇ ಮೆಸೇಜು ಕಳಿಸಿ ‘ಡೆಬಿಟೆಡ್’ ಅಂದರು. ಫೋನಿನ ಪರದೆಯ ಮೇಲೆ ಹಳದಿ ಗಡಿಯಾರವೊಂದು ಮೂಡಿ ‘ಪೆಂಡಿಂಗ್’ ಅಂದಿತು. ಅಂಗಡಿಯ ಕಂಬಕ್ಕೆ ನೇತುಹಾಕಿದ್ದ ಮಾತಾಡುವ ಡಬ್ಬಿ ಮಾತ್ರ ಬಾಯಿ ಬಿಡಲಿಲ್ಲ. ಐದು ನಿಮಿಷ ಮುಂಚೆ ಯಾರೋ ಹುಡುಗ ಕೊಟ್ಟ ಹತ್ತು ರೂಪಾಯಿಯನ್ನು ತೇರುಬೀದಿಯವರೆಗೂ ಕೇಳುವಂತೆ ಸಾರಿದ್ದ ಡಬ್ಬಿ ಅದು.

ಬಾಣಲೆಯ ಮುಂದಿದ್ದಾತ ಜಾರಿಯನ್ನು ಎಣ್ಣೆಯ ಮೇಲೇ ಹಿಡಿದು ನಿಂತ. “ಯಜಮಾನ್ರ, ರೊಕ್ಕ ಮುಟ್ಟಿಲ್ಲ.”

“ಕೊಟ್ಟೀನಲ್ಲಪಾ. ನೋಡಿಲ್ಲಿ, ಡೆಬಿಟ್ ಆಗೈತಿ.”

“ನೀವು ಕೊಟ್ಟೀರಿ, ಇಲ್ಲ ಅನ್ನಲ್ಲ. ನನಗ ಮುಟ್ಟಿಲ್ಲ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಜಗಳಕ್ಕೆ ಇದಕ್ಕಿಂತ ಕೆಟ್ಟ ಬುನಾದಿ ಬೇರೆ ಇಲ್ಲ. ವೀರಭದ್ರ ತನ್ನ ನೆಲೆಯನ್ನು ಗುರುವಿಗೆ ಬಿಟ್ಟುಕೊಟ್ಟ ಊರು, ಅದಕ್ಕೇ ಇದು ಕೊಟ್ಟೂರು ಎಂದು ಗುರು ಕೊಟ್ಟೂರೇಶ್ವರನ ಭಕ್ತರು ಹೇಳುತ್ತಾರೆ. ಆಗ ಕೊಟ್ಟದ್ದು ಹಾಗೆಯೇ ಮುಟ್ಟಿದ್ದಿರಬೇಕು, ನಡುವೆ ಸರ್ವರ್ ಇರಲಿಲ್ಲ. ಈಗ ಕೊಟ್ಟೂರು ಇದ್ದಲ್ಲೇ ಇದೆ. ಮುಟ್ಟೂರು ಯಾವ ಜಿಲ್ಲೆಗೆ ಸೇರಿದೆಯೋ ಗೊತ್ತಿಲ್ಲ.

ನನ್ನ ಜೇಬಿನಲ್ಲಿ ಐನೂರರ ಒಂದೇ ನೋಟು, ಆತನ ಗಲ್ಲಾದಲ್ಲಿ ಚಿಲ್ಲರೆ ಇಲ್ಲ. ಹಡಗಲಿ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದ. ಅಂಗಡಿಯಾತ ಗಲ್ಲಾದ ಕೆಳಗಿಂದ ಎಣ್ಣೆ ಕುಡಿದು ದಪ್ಪಗಾದ ಉದ್ದನೆಯ ಪುಸ್ತಕ ತೆಗೆದು, ‘ಕೂಡ್ಲಿಗಿ ಕನ್ನಡಕ – 40’ ಎಂದು ಬರೆದುಕೊಂಡ. ಅರವತ್ತು ದಾಟಿದ ಮೇಲೆ ಮೊದಲ ಸಲ ನಾನು ಮೆಣಸಿನಕಾಯಿ ಉದ್ರಿ ತಿಂದಂತಾಯಿತು.

ಉಳಿದವರಿಗೆ ಇದು ಮರೆತುಬಿಡುವ ಸಂಗತಿ. ನಾನು ಸಹಕಾರ ಸಂಘದಲ್ಲಿ ಆಯುಷ್ಯವೆಲ್ಲ ಕೀರ್ದಿ ಬರೆದವನು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೊನೆಗೆ ಶಿಲ್ಕು. ಹತ್ತು ಪೈಸೆ ತಾಳೆಯಾಗಲಿಲ್ಲವೆಂದು ರಾತ್ರಿ ಎಂಟರವರೆಗೆ ಸೀಮೆಎಣ್ಣೆ ದೀಪದಲ್ಲಿ ಕುಳಿತಿದ್ದುಂಟು. ಅಂಥವನ ನಲವತ್ತು ರೂಪಾಯಿ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಹಡಗಲಿ ಮುಟ್ಟುವವರೆಗೆ ಕಿಟಕಿಯಾಚೆಗಿನ ಯಾವ ಹೊಲದಲ್ಲಿ ಏನು ಬೆಳೆದಿತ್ತೋ ನಾನು ನೋಡಲಿಲ್ಲ.

ಹೂವಿನಹಡಗಲಿಯಲ್ಲಿ ತಂಗಿಯ ಮನೆ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹೋಗುವವರೆಲ್ಲ ಅಲ್ಲಿ ಒಂದು ರಾತ್ರಿ ಇಳಿದುಕೊಳ್ಳುವುದು ನಮ್ಮ ಮನೆತನದ ರೂಢಿ. ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆಯವಳ ಬುಟ್ಟಿಗೂ ಒಂದು ಕ್ಯುಆರ್ ಕೋಡು ಸಿಕ್ಕಿಸಿತ್ತು. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯವರು ಮೋಟಾರಿನ ಬಿಡಿಭಾಗ ಗುರುತಿಸಲು ಹಾಕಿದ ಕಪ್ಪುಬಿಳಿ ರಂಗೋಲಿ ಹಡಗಲಿ ಮಲ್ಲಿಗೆಯ ಬುಟ್ಟಿಗೆ ಬಂದು ಕುಳಿತಿದೆ. ಆದರೆ ಹೂವಿನ ಅಳತೆ ಇನ್ನೂ ಮೊಳವೇ, ಅದೂ ಅವಳ ಗಿಡ್ಡ ಕೈಯ ಮೊಳ. ನಾನು ಐನೂರರ ನೋಟು ಮುರಿಸಿದೆ.

ತಂಗಿಯ ಮಗ ಬೆಂಗಳೂರಿನಲ್ಲಿ ಇಂಥದ್ದೇ ಪೇಮೆಂಟು ಕಂಪನಿಯೊಂದರಲ್ಲಿದ್ದಾನೆ. ಕೈಕಾಲು ತೊಳೆಯುವ ಮೊದಲೇ ಕೇಳಿದೆ: “ನನ್ನ ನಲವತ್ತು ರೂಪಾಯಿ ಎಲ್ಲಿ?”

ಅವನು ಪೇಪರಿನ ಅಂಚಿನಲ್ಲಿ ನಾಲ್ಕು ಡಬ್ಬಿ ಬರೆದು ನಡುವೆ ಬಾಣ ಎಳೆದ. ಫೋನಿನ ಆ್ಯಪು ಮುಂಬೈಯ ಎನ್‌ಪಿಸಿಐಗೆ ಹೇಳುತ್ತದಂತೆ. ಎನ್‌ಪಿಸಿಐ ನನ್ನ ಬ್ಯಾಂಕಿಗೆ ‘ಇವರ ಖಾತೆಯಿಂದ ತೆಗೆ’ ಅನ್ನುತ್ತದೆ. ತೆಗೆದಾದ ಮೇಲೆ ಅಂಗಡಿಯವನ ಬ್ಯಾಂಕಿಗೆ ‘ಅವರ ಖಾತೆಗೆ ಹಾಕು’ ಅನ್ನುತ್ತದೆ. ಅವರು ‘ಹಾಕಿದೆ’ ಎಂದು ಕೂಗಿದರೆ ಡಬ್ಬಿ ಮಾತಾಡುತ್ತದೆ. ನನ್ನ ಪಾಲಿಗೆ ಆ ಕೊನೆಯ ಕೂಗು ಬಂದಿಲ್ಲ.

“ಅಲ್ಲೋ, ಕೂಡ್ಲಿಗಿಯಿಂದ ಕೊಟ್ಟೂರಿಗೆ ನೆಟ್ಟನೆ ಬಸ್ಸು ಐತಿ. ನನ್ನ ರೊಕ್ಕ ಮುಂಬೈಗೆ ಯಾಕ ಹೋಗಬೇಕು?”

“ರೊಕ್ಕ ಹೋಗಂಗಿಲ್ಲ ಮಾಮ, ಬರೇ ಮಾತು ಹೋಗ್ತತಿ. ರೊಕ್ಕ ಬ್ಯಾಂಕಿನವರು ಆಮ್ಯಾಲೆ ಒಟ್ಟಿಗೆ ಲೆಕ್ಕ ಹಾಕಿ ಕೊಟ್ಟುಕೊಂತಾರ. ಅದಕ್ಕ ಸೆಟ್ಲ್‌ಮೆಂಟ್ ಅಂತಾರ.”

ನಮ್ಮ ಕಡೆ ಸೆಟ್ಲ್‌ಮೆಂಟ್ ಅಂದರೆ ಅಣ್ಣತಮ್ಮಂದಿರ ಬದುವಿನ ಜಗಳ ಮುಗಿಸಲು ನಾಲ್ಕು ಹಿರಿಯರು ಅರಳಿಕಟ್ಟೆಗೆ ಕೂರುವುದು. ಅದೂ ಆಮ್ಯಾಲೆಯೇ, ಒಟ್ಟಿಗೇ. ಈ ವಿದ್ಯೆಯ ಮಾತುಗಳೆಲ್ಲ ನಮಗೆ ಗೊತ್ತಿರುವವೇ, ಅವುಗಳ ಅರ್ಥ ಮಾತ್ರ ಬೇರೆ. ಕಾರ್ಡು ಕೊಟ್ಟ ಬ್ಯಾಂಕು ಇಶ್ಯೂಯರ್ ಅಂದ. ನಾನು ‘ಇಶ್ಯೂ’ ಅಂದರೆ ತಕರಾರು ಅಂದುಕೊಂಡಿದ್ದೆ, ಪೂರ್ತಿ ತಪ್ಪೂ ಅಲ್ಲ. ಅಂಗಡಿಯವನ ಪರವಾಗಿ ದುಡ್ಡು ತರಿಸಿಕೊಡುವ ಬ್ಯಾಂಕು ಅಕ್ವೈರರ್ ಅಂದಾಗ, ಒಳಗೆ ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಮೊರ ಕೆಳಗಿಟ್ಟಳು. ಅವಳ ತವರು ಹಗರಿಬೊಮ್ಮನಹಳ್ಳಿ ಕಡೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ನಾರಾಯಣದೇವರಕೆರೆಯಂಥ ಊರೇ ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ದಂಡೆಯ ಮನೆಗಳಲ್ಲಿ ‘ಅಕ್ವೈರ್’ ಎಂಬ ಒಂದೇ ಇಂಗ್ಲಿಷ್ ಮಾತು ಓದುಬರಹ ಬಾರದ ಮುದುಕಿಯರಿಗೂ ಬರುತ್ತಿತ್ತು. “ಮತ್ತ ಯಾರ ಹೊಲ ಹೋಯ್ತು?” ಎಂದು ಕೇಳಿದಳು.

ಹುಡುಗನ ಬುದ್ಧಿಗೆ ನಾನು ತಲೆದೂಗುವುದು ಎಲ್ಲಿ ಅಂದರೆ, ಅವನು ನಗಲಿಲ್ಲ. ಜೇಬಿನಿಂದ ಕಾರ್ಡು ತೆಗೆದು ಅಂಗೈ ಮೇಲಿಟ್ಟು ಹೇಳಿದ. ಇದು ಡೆಬಿಟ್ ಕಾರ್ಡು, ಖಾತೆಯಲ್ಲಿ ಇದ್ದರೆ ಮಾತ್ರ ಕೊಡುತ್ತದೆ. ಇದು ಕ್ರೆಡಿಟ್ ಕಾರ್ಡು, ಇಲ್ಲದಿದ್ದರೂ ಕೊಡುತ್ತದೆ. ನನಗೆ ನಮ್ಮ ತಾತನ ಕಾಲದ ಹುಂಡಿ ನೆನಪಾಯಿತು. ಗುಡಿಯ ಹುಂಡಿಯಲ್ಲ, ಸಾಹುಕಾರರು ಒಬ್ಬರಿಗೊಬ್ಬರು ಬರೆಯುತ್ತಿದ್ದ ಹುಂಡಿ. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗಡುವಿನ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಹಾಗಾದರೆ ನಿನ್ನದೊಂದು ದರ್ಶನಿ, ಇನ್ನೊಂದು ಮುದ್ದತಿ ಅಂದೆ. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ. ಆಫೀಸಿನಲ್ಲಿ ಹೇಳುತ್ತಾನಂತೆ.

‘ಕ್ರೆಡಿಟ್ ಕಾರ್ಡ್’ ಎಂಬ ಮಾತು ಕಾರ್ಡಿಗಿಂತ ಹಳೆಯದು. ಎಡ್ವರ್ಡ್ ಬೆಲಾಮಿ ಎಂಬ ಅಮೆರಿಕದ ಬರಹಗಾರ 1888ರಲ್ಲಿ ಬಂದ ತನ್ನ ಕಾದಂಬರಿಯಲ್ಲಿ, ಮುಂದಿನ ಕಾಲದ ಜನ ಕಾರ್ಡು ತೋರಿಸಿ ಸಾಮಾನು ತರುತ್ತಾರೆ ಎಂದು ಕಲ್ಪಿಸಿಕೊಂಡಿದ್ದ. ಅವನ ಕಾರ್ಡಿಗೆ ಬಡ್ಡಿ ಇರಲಿಲ್ಲ. ಕಾದಂಬರಿಕಾರರು ಯಾವತ್ತೂ ಅಷ್ಟೇ.

ಬಡ್ಡಿಯ ಮಾತು ಬಂದದ್ದು ತಂಗಿಯಿಂದ. ಅವಳು ಓದಿದ್ದು ನಾಲ್ಕನೆಯ ಇಯತ್ತೆ. “ಬಡ್ಡಿ ಎಷ್ಟೋ?” ಎಂದು ಒಲೆಯ ಮುಂದಿನಿಂದಲೇ ಕೇಳಿದಳು. ಹುಡುಗ ಎಪಿಆರ್ ನಲವತ್ತೆರಡು ಪರ್ಸೆಂಟ್ ಅಂದ. ಅವಳಿಗೆ ತಿಳಿಯಲಿಲ್ಲ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದ. ರೊಟ್ಟಿ ಬಡಿಯುವ ಕೈ ನಿಂತಿತು.

“ನೂರಕ್ಕ ಮೂರೂವರೆ ರೂಪಾಯಿ ಬಡ್ಡಿಯೇನೋ! ನಿಮ್ಮಪ್ಪ ಬೋರ್ ಹಾಕಿಸಾಕ ಎರಡು ರೂಪಾಯಿ ಬಡ್ಡೀಲಿ ತಂದಿದ್ದಕ್ಕ ಮೂರು ವರ್ಷ ಉಂಡ ಅನ್ನ ಮೈಗೆ ಹತ್ತಲಿಲ್ಲ.”

ಗಡುವಿನೊಳಗೆ ಪೂರಾ ಕಟ್ಟಿದರೆ ಬಡ್ಡಿ ಸೊನ್ನೆ ಎಂದು ಅವನು ಸಮಾಧಾನ ಹೇಳಿದ. ಅದು ನಿಜ. ಆದರೆ ಬಿಲ್ಲಿನ ಮೇಲೆ ಎರಡು ಅಂಕಿ ಇರುತ್ತವೆ: ಪೂರ್ತಿ ಬಾಕಿ ಒಂದು, ಅದರ ಪಕ್ಕದಲ್ಲಿ ‘ಮಿನಿಮಮ್ ಡ್ಯೂ’ ಎಂಬ ಸಣ್ಣ, ಸೌಮ್ಯ ಅಂಕಿ. ಆ ಸಣ್ಣದನ್ನಷ್ಟೇ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ, ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಇಲ್ಲವಾಗುತ್ತವೆ. ಕುಬೇರನ ಸಾಲಕ್ಕೆ ತಿರುಪತಿ ತಿಮ್ಮಪ್ಪ ಇನ್ನೂ ಬಡ್ಡಿ ಕಟ್ಟುತ್ತಿದ್ದಾನಲ್ಲ, ಆತ ಮಿನಿಮಮ್ ಡ್ಯೂ ಕಟ್ಟುತ್ತಾ ಬಂದವನೇ ಇರಬೇಕು ಎಂಬುದು ತಂಗಿಯ ತೀರ್ಮಾನ. ಪರ್ಸೆಂಟ್ ಎಂದಾಗ ಹೆದರದವರು ರೂಪಾಯಿ ಬಡ್ಡಿ ಎಂದಾಗ ಹೆದರುತ್ತಾರೆ. ಬ್ಯಾಂಕಿನ ಕಾಗದದಲ್ಲಿ ಹೀಗೆ ಬರೆಯಬೇಕು ಎಂದು ರಿಸರ್ವ್ ಬ್ಯಾಂಕು ಒಂದು ಆದೇಶ ಹೊರಡಿಸಿದರೆ ನಾನು ಮೈಲಾರಕ್ಕೆ ಹರಕೆಯ ದೋಣಿ ತುಂಬಿಸುತ್ತೇನೆ.

ಎಂಡಿಆರ್ ಎಂಬುದನ್ನು ನನಗೆ ವಿವರಿಸಬೇಕಾಗಲಿಲ್ಲ. ಹರಪನಹಳ್ಳಿಯ ದಲಾಲಿ ಅಂಗಡಿಯಲ್ಲಿ ಮೆಕ್ಕೆಜೋಳ ಹಾಕಿದವರ ಕೈಗೆ ಪಟ್ಟಿ ಬರುತ್ತದಲ್ಲ, ಮೇಲೆ ದೊಡ್ಡ ಮೊತ್ತ, ಕೆಳಗೆ ಹಮಾಲಿ, ತೂಕದ ಕೂಲಿ, ಇತ್ಯಾದಿ, ಕೊನೆಗೆ ಕೈಗೆ ಬರುವ ಕಿರಿದಾದ ಮೊತ್ತ. ಕಾರ್ಡು ಉಜ್ಜಿದಾಗ ಅಂಗಡಿಯವನ ಪಟ್ಟಿಯಲ್ಲಿ ಹೀಗೆ ಮುರಿದುಕೊಳ್ಳುವುದು ಎಂಡಿಆರ್. ಬ್ಯಾಂಕುಗಳೂ ಕಾರ್ಡಿನ ಕಂಪನಿಯೂ ಅದನ್ನು ಹಂಚಿಕೊಳ್ಳುತ್ತವೆ. ಬಟ್ಟೆ ಅಂಗಡಿಯಲ್ಲಿ ‘ಕಾರ್ಡಾದ್ರ ಎರಡು ಪರ್ಸೆಂಟ್ ಹೆಚ್ಚು’ ಅನ್ನುವುದು ಇದನ್ನು ನಮ್ಮ ತಲೆಗೆ ಕಟ್ಟುವ ಉಪಾಯ. ಯುಪಿಐಗೆ 2020ರ ಜನವರಿ 1ರಿಂದ ಆ ಮುರಿತ ಇಲ್ಲ. ಮೆಣಸಿನಕಾಯಿ ಅಂಗಡಿಗೆ ಡಬ್ಬಿ ಬಂದದ್ದು ಅದರಿಂದಲೇ.

ಇಷ್ಟೆಲ್ಲ ಆದರೂ ನನ್ನ ನಲವತ್ತು ರೂಪಾಯಿಗೆ ಹೆಸರು ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ರಾತ್ರಿ ಅಂಗಳದಲ್ಲಿ ಮಲಗಿದ್ದಾಗ. ಸಂಘದ ಕೀರ್ದಿಯಲ್ಲಿ ಯಾರದೆಂದು ತಿಳಿಯದ, ಯಾವ ಖಾತೆಗೂ ಹಾಕಲಾಗದ ಹಣವನ್ನು ನಾವು ‘ಅನಾಮತ್ತು’ ಎಂದು ಬರೆಯುತ್ತಿದ್ದೆವು. ಪೆಂಡಿಂಗ್ ಅಂದರೆ ಅನಾಮತ್ತು! ಎದ್ದು ಕುಳಿತು ಹುಡುಗನನ್ನು ಎಬ್ಬಿಸಿ ಹೇಳಿದೆ. ಇದೇ ಮಾತಿಗೆ ನಮ್ಮಲ್ಲಿ ಇನ್ನೊಂದು ಬಳಕೆಯೂ ಇದೆ ಎಂದು ನೆನಪಾಗಿ ಮತ್ತೆ ನಿದ್ದೆ ಹತ್ತಲಿಲ್ಲ. ‘ಅನಾಮತ್ತಾಗಿ ಎತ್ತಿಕೊಂಡು ಹೋದರು’ ಅನ್ನುತ್ತೇವಲ್ಲ, ಅದು.

“ಹೆದರಬ್ಯಾಡ ಮಾಮ, ಟಿ ಪ್ಲಸ್ ಫೈವ್” ಅಂದ ಹುಡುಗ, ಕಣ್ಣು ಮುಚ್ಚಿಕೊಂಡೇ.

ಟೀ ಜೊತೆ ಐದು ಮೆಣಸಿನಕಾಯಿ ಎಂದು ನಾನು ತಿಳಿದರೆ ತಪ್ಪು ನನ್ನದಲ್ಲ, ಕೊಟ್ಟೂರಿನದು. ಟಿ ಅಂದರೆ ವ್ಯವಹಾರ ನಡೆದ ದಿನವಂತೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ, ಅಂಗಡಿಗೆ ಕೊಟ್ಟದ್ದು ಮುಟ್ಟದೆ ಹೋದರೆ ಆ ದಿನದ ಮೇಲೆ ಐದು ದಿನದೊಳಗೆ ನಮ್ಮ ಖಾತೆಗೆ ತಾನಾಗಿ ವಾಪಸಾಗಬೇಕು. ವ್ಯಕ್ತಿಯಿಂದ ವ್ಯಕ್ತಿಗಾದರೆ ಒಂದೇ ದಿನ. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ನಲವತ್ತು ರೂಪಾಯಿಗೆ ದಿನಕ್ಕೆ ನೂರು! ಹೀಗೆ ವಾಪಸಾಗುವುದಕ್ಕೆ ರಿವರ್ಸಲ್ ಅನ್ನುತ್ತಾರೆ. ನಮ್ಮ ಸೀಮೆಗೆ ಅದೂ ಹೊಸದಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಎಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬಂತು. ಟಿ ಪ್ಲಸ್ ಇಪ್ಪತ್ತೊಂದು ವರ್ಷ. ಪರಿಹಾರ ಯಾರೂ ಕೇಳಲಿಲ್ಲ.

ಮೈಲಾರದಲ್ಲಿ ಜನವೋ ಜನ. ಲಕ್ಷಾಂತರ ಫೋನು ಒಂದೇ ಬಯಲಿಗೆ ಬಂದರೆ ನೆಟ್‌ವರ್ಕು ಎಲ್ಲಿಂದ ಬರಬೇಕು? ಭಂಡಾರ, ಕುಂಕುಮ, ಬೆಂಡು ಬೆತ್ತಾಸಿನವರು ಕೋಡಿನ ಹಲಗೆ ಮಗುಚಿ ನೋಟನ್ನೇ ಕೇಳುತ್ತಿದ್ದರು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಅಂದಾಗ ಅಷ್ಟೂ ಜನ ಉಸಿರು ಬಿಗಿಹಿಡಿದರು. ವರ್ಷದ ಭವಿಷ್ಯ ನುಡಿಯುವ ಒಂದೇ ಒಂದು ವಾಕ್ಯದ ಕಾರಣಿಕ, ಆಮೇಲೆ ಆತ ಕೆಳಗೆ ಬಿದ್ದ, ಭಕ್ತರು ಹಿಡಿದುಕೊಂಡರು. ವಾಪಸು ಬರುವ ಬಸ್ಸಿನಲ್ಲಿ ಆ ವಾಕ್ಯಕ್ಕೆ ಒಬ್ಬ ಮಳೆ ಅಂದ, ಒಬ್ಬ ಮೆಕ್ಕೆಜೋಳದ ರೇಟು ಅಂದ, ಮತ್ತೊಬ್ಬ ಮುಖ್ಯಮಂತ್ರಿ ಬದಲಾಗುತ್ತಾರೆ ಅಂದ. ನನ್ನ ಕಿವಿಗೆ ಅದು ‘ಟ್ರಾನ್ಸಾಕ್ಷನ್ ಈಸ್ ಬೀಯಿಂಗ್ ಪ್ರೊಸೆಸ್ಡ್’ ಎಂಬ ಮಾತಿನ ಹಾಗೆಯೇ ಕೇಳಿಸಿತ್ತು. ಆದರೆ ಕಾರಣಿಕಕ್ಕೆ ಒಂದು ವರ್ಷದ ಗಡುವಿದೆ, ನನ್ನದಕ್ಕೆ ಐದೇ ದಿನ.

ನಿಜ ಹೇಳಿಬಿಡುತ್ತೇನೆ. ಮೂರನೆಯ ದಿನದ ಹೊತ್ತಿಗೆ ನನ್ನ ಚಿಂತೆ ತಿರುಗಿತ್ತು. ನಲವತ್ತು ಬರಲಿಲ್ಲವೆಂಬ ಕಳವಳ ಹೋಗಿ, ಎಲ್ಲಿ ಬೇಗ ಬಂದುಬಿಡುತ್ತದೋ ಎಂಬ ಕಳವಳ ಹಿಡಿಯಿತು. ಇನ್ನೊಂದು ವಾರ ತಡೆದರೆ ಒಂದು ಪಂಚೆ ಶಲ್ಯಕ್ಕಾಗುತ್ತಿತ್ತು. ಏಳುಕೋಟಿಯ ಒಡೆಯನಿಗೆ ಮನಸ್ಸಿನಲ್ಲೇ ಕೈಮುಗಿದದ್ದೂ ಉಂಟು. ಐದನೆಯ ದಿನ ಬೆಳಗಿನ ಜಾವ, ಕೂಡ್ಲಿಗಿಯ ಮನೆಯಲ್ಲಿ, ಫೋನು ಒಮ್ಮೆ ಗುರ್ ಅಂದಿತು. ಕ್ರೆಡಿಟೆಡ್, ನಲವತ್ತು ರೂಪಾಯಿ. ಬ್ಯಾಂಕಿನವರು ಇಷ್ಟು ಶಿಸ್ತಿನವರು ಎಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಗೆ ಬ್ಯಾಂಕಿನ ಲೆಕ್ಕ ಮುಗಿಯಿತು. ನನ್ನದು ಮುಗಿದಿಲ್ಲ, ಕೊಟ್ಟೂರಿನ ಎಣ್ಣೆಪುಸ್ತಕದಲ್ಲಿ ‘ಕೂಡ್ಲಿಗಿ ಕನ್ನಡಕ’ನ ಬಾಕಿ ಹಾಗೆಯೇ ಇದೆ. ಮೊಣಕಾಲು ನೋವಿನಿಂದ ಇತ್ತ ಒಂದು ತಿಂಗಳು ಬಸ್ಸು ಹತ್ತಲಾಗಿಲ್ಲ. ಓದುಗರಲ್ಲಿ ಯಾರಾದರೂ ಗುರು ಕೊಟ್ಟೂರೇಶ್ವರನ ದರ್ಶನಕ್ಕೆ ಹೋಗುವವರಿದ್ದರೆ ಆ ಅಂಗಡಿಯಲ್ಲಿ ನನ್ನ ಗುರುತು ಹೇಳಿ ನಲವತ್ತು ರೂಪಾಯಿ ಮುಟ್ಟಿಸಿ, ಗೆರೆ ಹೊಡೆಸಿಬಿಡಿ. ನಗದು ಕೊಡಿ, ಫೋನ್ ಬೇಡ.